ಹೊಸ್ತಿಲಾಚೆ ಉಳಿಯುವ ಇನ್‌ಸೋಲ್

ಒಳ್ಳೆಯ ಬೂಟು, ಅದರೊಳಗೆ ಅಂಗಾಲಿನ ಆಸರೆಗೆ ಇಡುವ ಒಳ್ಳೆಯ ಇನ್‌ಸೋಲ್ ಎರಡನ್ನೂ ಕೊಂಡ ಮೇಲೂ ಹಿಮ್ಮಡಿ ನೋವು ಹೋಗಲಿಲ್ಲ ಎನ್ನುವವರು ಮೊದಲು ಒಂದು ಲೆಕ್ಕ ಹಾಕಬೇಕು. ದುಡ್ಡಿನ ಲೆಕ್ಕವಲ್ಲ, ಗಂಟೆಗಳ ಲೆಕ್ಕ. ಬೆಳಿಗ್ಗೆ ಐದೂವರೆಗೆ ಎದ್ದವರು ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ತಿಂಡಿ ಮಾಡಿ, ಡಬ್ಬಿ ಕಟ್ಟುವ ಹೊತ್ತಿಗೆ ಎಂಟೂವರೆ. ಅಲ್ಲಿಗೆ ಮೂರು ಗಂಟೆ ಬರಿಗಾಲು, ಅದೂ ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲ್ಸ್ ಮೇಲೆ. ಆಮೇಲೆ ಬಸ್‌ಸ್ಟಾಪಿಗೆ ಹದಿನೈದು ನಿಮಿಷದ ನಡಿಗೆ, ಆಫೀಸಿನಲ್ಲಿ ಕುರ್ಚಿ, ಸಂಜೆ ಮತ್ತೆ ಹದಿನೈದು ನಿಮಿಷ. ಏಳರಿಂದ ಹತ್ತರವರೆಗೆ ಮತ್ತದೇ ಅಡುಗೆಮನೆ, ಅದೇ ಕಲ್ಲು. ಕಾಲಿನ ಮೇಲೆ ಭಾರ ಬಿದ್ದದ್ದು ಆರೂವರೆ ಗಂಟೆ. ಅದರಲ್ಲಿ ಇನ್‌ಸೋಲ್ ಪಾದದ ಕೆಳಗಿದ್ದದ್ದು ಅರ್ಧ ಗಂಟೆ. ಉಳಿದ ಆರು ಗಂಟೆ ಅದು ಹೊಸ್ತಿಲಾಚೆ, ಚಪ್ಪಲಿ ಸ್ಟ್ಯಾಂಡಿನಲ್ಲಿತ್ತು.

ಇನ್‌ಸೋಲ್ ಬಗ್ಗೆ ನಮಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಮನೆಯೊಳಗೂ ಬೂಟು ಹಾಕಿಕೊಂಡಿರುವ ಊರುಗಳಲ್ಲಿ ಹುಟ್ಟಿದವು. ನಮ್ಮಲ್ಲಿ ಹೊಸ್ತಿಲಲ್ಲೇ ಮೆಟ್ಟು ಬಿಡುತ್ತೇವೆ. ಆ ಪದ್ಧತಿಯಲ್ಲಿ ತಪ್ಪೇನೂ ಇಲ್ಲ. ಬದಲಾಗಿದ್ದು ನೆಲ. ಮಣ್ಣು, ಸೆಗಣಿ ಸಾರಿಸಿದ ನೆಲ ಹೋಗಿ ಕಲ್ಲು, ಟೈಲ್ಸ್ ಬಂದವು. ಅಡುಗೆ ಕೂತು ಮಾಡುವುದು ಹೋಗಿ ಕಟ್ಟೆಯ ಮುಂದೆ ನಿಂತು ಮಾಡುವುದು ಬಂತು. ಹಾಗಾಗಿ ಕೊಳ್ಳುವ ಕ್ರಮವೂ ತಿರುಗಬೇಕು. ಕಾಲು ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೋ ಅಲ್ಲಿಗೆ ಮೊದಲು, ಬೂಟಿಗೆ ಆಮೇಲೆ.

ಕಮಾನು, ಅಂದರೆ ಅಂಗಾಲಿನ ಒಳಬದಿಯ ಬಾಗು, ಏನು ಮಾಡುತ್ತದೆ ಎಂಬುದು ಗೊತ್ತಿದ್ದರೆ ಅಂಗಡಿಯಲ್ಲಿ ಅರ್ಧ ಗೊಂದಲ ಕಡಿಮೆ. ಒಂದು ಪಾದದಲ್ಲಿ 26 ಮೂಳೆ, 33 ಕೀಲು. ಅವು ಕಲ್ಲಿನ ಸೇತುವೆಯ ಹಾಗೆ ಬಿಗಿಯಾಗಿ ಕೂತಿಲ್ಲ. ಹೆಜ್ಜೆ ಊರಿದಾಗ ಕಮಾನು ಸ್ವಲ್ಪ ತಗ್ಗಿ ಪೆಟ್ಟು ನುಂಗುತ್ತದೆ, ಹೆಜ್ಜೆ ಎತ್ತುವಾಗ ಎದ್ದು ಗಟ್ಟಿಯಾಗುತ್ತದೆ. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಹಾದುಹೋಗಿದೆ. ಕುರ್ಚಿಯಲ್ಲಿ ಕೂತು ಪಾದವನ್ನು ನೆಲಕ್ಕೆ ಊರಿ, ಹೆಬ್ಬೆರಳನ್ನು ಮಾತ್ರ ಕೈಯಿಂದ ಮೇಲೆತ್ತಿ ನೋಡಿ. ಕಮಾನು ತಾನಾಗಿ ಏಳುತ್ತದೆ. ಬಾವಿಯ ರಾಟೆ ತಿರುಗಿದಾಗ ಹಗ್ಗ ಬಿಗಿಯಾಗುವ ಹಾಗೆ, ಹೆಬ್ಬೆರಳು ಮೇಲಕ್ಕೆ ಬಾಗಿದಾಗ ಆ ಪಟ್ಟಿ ಸುತ್ತಿಕೊಂಡು ಹಿಮ್ಮಡಿಯನ್ನು ಮುಂದಕ್ಕೆ ಎಳೆಯುತ್ತದೆ. ಸಂಶೋಧಕ ಜೆ. ಎಚ್. ಹಿಕ್ಸ್ 1954ರಲ್ಲಿ ವಿವರಿಸಿದ ಈ ರಾಟೆಯ ಲೆಕ್ಕವೇ ಇಂದಿಗೂ ಇನ್‌ಸೋಲ್ ಮಾಡುವವರ ಕೈಪಾಠ.

ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಹಿಮ್ಮಡಿಯ ಒಳಬದಿಗೆ ಮುಳ್ಳು ಚುಚ್ಚಿದ ಹಾಗಾಗಿ, ಹತ್ತು ಹೆಜ್ಜೆ ಹಾಕಿದ ಮೇಲೆ ಸಡಿಲವಾಗುವ ನೋವು ಹೆಚ್ಚಾಗಿ ಈ ಪಟ್ಟಿಯದು. ರಾತ್ರಿಯಿಡೀ ಪಾದ ಕೆಳಮುಖವಾಗಿ ಮಡಿಸಿರುತ್ತದೆ, ಪಟ್ಟಿ ಕುಗ್ಗಿದಲ್ಲೇ ವಿಶ್ರಮಿಸುತ್ತದೆ. ಎದ್ದೊಡನೆ ಅದರ ಮೇಲೆ ಇಡೀ ಮೈಭಾರ. ಎಕ್ಸ್‌ರೇ ತೆಗೆಸಿ ‘ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆ’ ಎಂದು ಕೇಳಿ ಹೆದರುವವರು ತುಂಬಾ ಜನ. ಆ ಮೂಳೆಯ ಮೊನೆ ಇದ್ದೂ ಏನೂ ನೋವಿಲ್ಲದೆ ಓಡಾಡುವವರು ಎಷ್ಟೋ ಮಂದಿ ಇದ್ದಾರೆ. ನೋವಿಗೆ ಚಿಕಿತ್ಸೆ ಮಾಡಬೇಕೇ ಹೊರತು ಎಕ್ಸ್‌ರೇಯ ಚಿತ್ರಕ್ಕಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ, ಇನ್‌ಸೋಲ್ ಹಾಕಿದರೆ ಕಮಾನು ಬೆಳೆಯುತ್ತದೆ ಎಂಬುದು. ಬೆಳೆಯುವುದಿಲ್ಲ. ಅದು ಕಮಾನು ತಗ್ಗುವ ವೇಗವನ್ನು ತಡೆಯುತ್ತದೆ, ಒಂದೇ ಕಡೆ ಬೀಳುವ ಭಾರವನ್ನು ಅಂಗಾಲಿನ ಉದ್ದಕ್ಕೂ ಹಂಚುತ್ತದೆ. ತೆಗೆದಿಟ್ಟ ಗಳಿಗೆಗೆ ಪಾದ ತನ್ನ ಹಳೆಯ ಆಕಾರಕ್ಕೆ ಬರುತ್ತದೆ. ಕನ್ನಡಕದ ಹಾಗೆ, ಹಾಕಿಕೊಂಡಷ್ಟು ಹೊತ್ತು ಅದರ ಕೆಲಸ. ಗಂಟೆಗಳ ಲೆಕ್ಕ ಅಷ್ಟು ಮುಖ್ಯವಾಗುವುದು ಅದಕ್ಕೇ.

ಕೊಳ್ಳುವ ಮೊದಲು ಪಾದವನ್ನು ನೋಡಿಕೊಳ್ಳಬೇಕು. ಎಲ್ಲರಿಗೂ ಗೊತ್ತಿರುವ ಪರೀಕ್ಷೆ ಒದ್ದೆ ಕಾಲಿನದು. ಪಾದ ಒದ್ದೆ ಮಾಡಿ ಹಳೆಯ ರೆಡ್ ಆಕ್ಸೈಡ್ ನೆಲದ ಮೇಲೋ ನ್ಯೂಸ್‌ಪೇಪರ್ ಮೇಲೋ ಊರಿ ನಿಂತರೆ ಅಚ್ಚು ಬೀಳುತ್ತದೆ. ನಡುವೆ ಒಳಬದಿ ಚೆನ್ನಾಗಿ ಕೊರೆದಂತಿದ್ದರೆ ಸಾಧಾರಣ ಕಮಾನು, ಇಡೀ ಪಾದ ತುಂಬಿ ಬಿದ್ದರೆ ತಗ್ಗು, ಹಿಮ್ಮಡಿಗೂ ಮುಂಗಾಲಿಗೂ ನಡುವೆ ಬರೀ ಒಂದು ಗೆರೆ ಇದ್ದರೆ ಎತ್ತರದ ಕಮಾನು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮೋಸ ಹೋಗುತ್ತೇವೆ. ಅಂಗಾಲಿನಲ್ಲಿ ಕೊಬ್ಬಿರುವವರ ಅಚ್ಚು ಕಮಾನಿದ್ದರೂ ತುಂಬಿಯೇ ಬೀಳುತ್ತದೆ.

ಅಚ್ಚು ತುಂಬಿ ಬಿದ್ದವರಿಗೆ ಅದಕ್ಕಿಂತ ಹೆಚ್ಚು ಹೇಳುವುದು ತುದಿಗಾಲಿನ ಪರೀಕ್ಷೆ. ಗೋಡೆಗೆ ಬೆರಳ ತುದಿ ತಾಗಿಸಿ ನಿಂತು ಎರಡೂ ಹಿಮ್ಮಡಿ ಎತ್ತಬೇಕು. ಹಿಂದೆ ಕೂತು ನೋಡುವವರಿಗೆ ಹಿಮ್ಮಡಿ ಸ್ವಲ್ಪ ಒಳಕ್ಕೆ ತಿರುಗಿ ಕಮಾನು ಮೂಡುವುದು ಕಂಡರೆ ಅದು ಬಳುಕುವ ಚಪ್ಪಟೆ ಪಾದ. ಅಂಥ ಪಾದಕ್ಕೆ ನೋವಿದ್ದರೆ ಇನ್‌ಸೋಲ್ ಚೆನ್ನಾಗಿ ಒಗ್ಗುತ್ತದೆ, ನೋವೇ ಇಲ್ಲದಿದ್ದರೆ ಏನೂ ಬೇಕಿಲ್ಲ. ತುದಿಗಾಲಲ್ಲೂ ಪಾದ ಹಲಗೆಯ ಹಾಗೇ ಇದ್ದರೆ ಅದು ಬಿಗಿಯಾದ ಚಪ್ಪಟೆ ಪಾದ. ಅದನ್ನು ಗಟ್ಟಿ ಆಸರೆಯಿಂದ ಮೇಲೆತ್ತಲು ಹೋದರೆ ನೋವು ಹೆಚ್ಚುತ್ತದೆ. ಆಮೇಲೆ ಒಂದೊಂದೇ ಕಾಲಲ್ಲಿ ಎತ್ತಿ ನೋಡಿ. ಒಂದು ಕಾಲಲ್ಲಿ ಹಿಮ್ಮಡಿ ಏಳುವುದೇ ಇಲ್ಲ, ಒಳಬದಿಯ ಕಣಕಾಲಿನ ಹಿಂದೆ ಊತವಿದೆ, ಆ ಪಾದ ಈಚೆಗೆ ಚಪ್ಪಟೆಯಾಗುತ್ತಿದೆ ಎಂದರೆ ಕಮಾನನ್ನು ಎತ್ತಿಹಿಡಿಯುವ ಸ್ನಾಯುರಜ್ಜು ಸೋಲುತ್ತಿದೆ ಎಂದರ್ಥ. ಆಗ ಇನ್‌ಸೋಲ್ ಅಂಗಡಿಗೆ ಹೋಗಬಾರದು, ಮೂಳೆ ತಜ್ಞರ ಹತ್ತಿರ ಹೋಗಬೇಕು. ನಲವತ್ತೈವತ್ತು ದಾಟಿದ ಹೆಂಗಸರಲ್ಲಿ ಇದು ಹೆಚ್ಚು. ‘ವಯಸ್ಸಾಯ್ತು, ಕಾಲು ಊದುತ್ತೆ’ ಎಂದು ತಳ್ಳಿಹಾಕುವುದೂ ಅವರೇ ಹೆಚ್ಚು.

ಇನ್ನು ಅಳತೆ. ಉದ್ದದ ನಂಬರ್ ಎಲ್ಲರಿಗೂ ಗೊತ್ತು, ಕಮಾನಿನ ಉದ್ದ ಯಾರಿಗೂ ಗೊತ್ತಿಲ್ಲ. ಕಾಗದದ ಮೇಲೆ ನಿಂತು ಮೂರು ಗುರುತು ಹಾಕಿ: ಹಿಮ್ಮಡಿಯ ಹಿಂತುದಿ, ಹೆಬ್ಬೆರಳ ಬುಡದ ಉಬ್ಬುಗಂಟು, ಎಲ್ಲಕ್ಕಿಂತ ಮುಂದಿರುವ ಬೆರಳ ತುದಿ. ಮೊದಲ ಎರಡು ಗುರುತುಗಳ ನಡುವಿನ ದೂರವೇ ಕಮಾನಿನ ಉದ್ದ. ಒಂದೇ ಎಂಟು ನಂಬರಿನ ಇಬ್ಬರಲ್ಲಿ ಒಬ್ಬರಿಗೆ ಬೆರಳು ಉದ್ದ, ಕಮಾನು ಗಿಡ್ಡ ಇರಬಹುದು, ಇನ್ನೊಬ್ಬರಿಗೆ ಅದರ ತಿರುಗಾಮುರುಗ. ನಂಬರ್ ನೋಡಿ ಕೊಂಡ ಇನ್‌ಸೋಲ್ ಒಬ್ಬರಿಗೆ ಹಿತವಾಗಿ, ಇನ್ನೊಬ್ಬರಿಗೆ ಅಂಗಾಲಲ್ಲಿ ಕಲ್ಲಿಟ್ಟ ಹಾಗಾಗುವುದಕ್ಕೆ ಕಾರಣ ಇದು. ಇನ್‌ಸೋಲಿನಲ್ಲಿ ಕಮಾನಿಗೆ ಆಸರೆ ಕೊಡುವ ದಿಬ್ಬದ ನೆತ್ತಿ ಪಾದದ ನಟ್ಟನಡುವೆ ಬರಬಾರದು. ಒಳಬದಿಯ ಕಣಕಾಲಿನ ಗಂಟಿಗಿಂತ ಎರಡು ಬೆರಳು ಕೆಳಗೆ, ತುಸು ಮುಂದೆ ತಡವಿದರೆ ಒಂದು ಮೂಳೆಯ ಉಬ್ಬು ಕೈಗೆ ಸಿಗುತ್ತದೆ. ನೆತ್ತಿ ಅದರ ಕೆಳಗೆ, ಅಂದರೆ ಹಿಮ್ಮಡಿಯ ಕಡೆಗೇ ವಾಲಿಕೊಂಡು ಇರಬೇಕು. ದಿಬ್ಬ ಮುಂದೆ ಸರಿದು ಹೆಬ್ಬೆರಳ ಬುಡದ ಹಿಂದೆ ಒತ್ತಿದರೆ ಹೆಬ್ಬೆರಳು ಸಲೀಸಾಗಿ ಬಾಗುವುದಿಲ್ಲ, ರಾಟೆ ಸಿಕ್ಕಿಕೊಳ್ಳುತ್ತದೆ. ದುಡ್ಡು ಕೊಟ್ಟು ನೋವು ತಂದುಕೊಂಡ ಹಾಗೆ.

ಅಂಗಡಿಯಲ್ಲಿ ಮೊದಲು ಕೈಗೆ ಬರುವುದು ಮೆತ್ತನೆಯ ಜೆಲ್, ಇಲ್ಲವೇ ಮೆಮೊರಿ ಫೋಮ್. ಎರಡು ನಿಮಿಷ ನಿಂತರೆ ಸ್ವರ್ಗ. ಮೂರು ವಾರ ಕಳೆದರೆ ಹಪ್ಪಳ. ಪರೀಕ್ಷೆ ಸುಲಭ. ಇನ್‌ಸೋಲನ್ನು ಮೇಜಿನ ಮೇಲಿಟ್ಟು ದಿಬ್ಬದ ನೆತ್ತಿಯನ್ನು ಹೆಬ್ಬೆರಳಿಂದ ಒತ್ತಿ. ಹೆಬ್ಬೆರಳಿಗೇ ನೆಲ ಕಚ್ಚಿದರೆ ಅರವತ್ತು ಎಪ್ಪತ್ತು ಕಿಲೋ ಮೈಯನ್ನು ಅದು ಹಿಡಿಯುವುದಿಲ್ಲ. ಹಾಗೆಂದು ಕಲ್ಲಿನಂತೆಯೂ ಇರಬಾರದು. ಗಟ್ಟಿಯಾಗಿ ಒತ್ತಿದಾಗ ತುಸು ತಗ್ಗಿ, ಬಿಟ್ಟೊಡನೆ ಎದ್ದು ಬರಬೇಕು. ಒಳ್ಳೆಯ ಸಿದ್ಧ ಇನ್‌ಸೋಲಿನಲ್ಲಿ ಮೂರು ಭಾಗ ಇರುತ್ತವೆ. ಕೆಳಗೆ ಗಡಸು ಪ್ಲಾಸ್ಟಿಕ್ಕಿನದೋ ಇವಿಎ ಎಂಬ ಗಟ್ಟಿ ಫೋಮಿನದೋ ಚಿಪ್ಪು, ಹಿಂದೆ ಹಿಮ್ಮಡಿಯನ್ನು ಬಟ್ಟಲಿನ ಹಾಗೆ ಹಿಡಿಯುವ ಗುಂಡಿ, ಮೇಲೆ ತೆಳು ಮೆತ್ತನೆಯ ಹೊದಿಕೆ. ಹಿಮ್ಮಡಿಯ ಗುಂಡಿ ಒಂದು ಸೆಂಟಿಮೀಟರಾದರೂ ಆಳ ಇರಲಿ. ಹಿಮ್ಮಡಿ ಅತ್ತಿತ್ತ ವಾಲುವುದನ್ನು ತಡೆಯುವುದು ದಿಬ್ಬಕ್ಕಿಂತ ಹೆಚ್ಚಾಗಿ ಈ ಗುಂಡಿಯೇ. ಹೆಚ್ಚಿನವರು ದಿಬ್ಬ ಎಷ್ಟು ಎತ್ತರ ಎಂದು ಮಾತ್ರ ನೋಡುತ್ತಾರೆ. ಎತ್ತರದ ಕಮಾನಿನ, ಬಿಗಿ ಪಾದದವರಿಗೆ ಲೆಕ್ಕ ಬೇರೆ. ಅವರಿಗೆ ಎತ್ತುವ ಆಸರೆಗಿಂತ, ಕಮಾನಿನ ಕೆಳಗಿನ ಖಾಲಿ ಜಾಗವನ್ನು ತುಂಬಿ ಪೆಟ್ಟು ನುಂಗುವ ನಡುಗಡಸು ಫೋಮು ಹಿತ.

ಪಾದದ ಅಚ್ಚು ತೆಗೆದು ಮಾಡಿಸುವ ಇನ್‌ಸೋಲ್ ಬೇಕೇ ಬೇಕೆ? ಹಿಮ್ಮಡಿ ನೋವಿಗೆ ಬಹುತೇಕ ಜನಕ್ಕೆ ಬೇಡ. 2006ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಮೂರು ಗುಂಪು ಮಾಡಿ, ಒಂದಕ್ಕೆ ನೆಪಮಾತ್ರದ ತೆಳು ಫೋಮು, ಇನ್ನೊಂದಕ್ಕೆ ಗಟ್ಟಿ ಫೋಮಿನ ಸಿದ್ಧ ಇನ್‌ಸೋಲ್, ಮತ್ತೊಂದಕ್ಕೆ ಅಚ್ಚು ತೆಗೆದು ಮಾಡಿದ್ದು ಕೊಟ್ಟರು. ಮೂರು ತಿಂಗಳಲ್ಲಿ ಓಡಾಟ ಸುಧಾರಿಸುವುದರಲ್ಲಿ ಸಿದ್ಧ ಇನ್‌ಸೋಲಿಗೂ ಮಾಡಿಸಿದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವರ್ಷ ಕಳೆದಾಗ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಕಡೆ ನಿಂತಿದ್ದವು. ಅಂದರೆ ಇನ್‌ಸೋಲಿನ ಕೆಲಸ ಆ ಮೊದಲ ಕೆಲವು ತಿಂಗಳು ನೋವಿನ ನಡುವೆಯೂ ಓಡಾಡಲು ಬಿಡುವುದು. ಎರಡು ಪಾದಗಳ ಆಕಾರ ತೀರಾ ಬೇರೆಬೇರೆ ಇರುವವರಿಗೆ, ಶಸ್ತ್ರಚಿಕಿತ್ಸೆ ಆದವರಿಗೆ, ಸಂಧಿವಾತದಿಂದ ಪಾದ ಸೊಟ್ಟಗಾದವರಿಗೆ, ಸಕ್ಕರೆ ಕಾಯಿಲೆಯಿಂದ ಪಾದ ಕೆಟ್ಟವರಿಗೆ ಮಾತ್ರ ಮಾಡಿಸಿದ್ದೇ ಸರಿ.

ತಂದ ಇನ್‌ಸೋಲನ್ನು ಹಾಕುವುದರಲ್ಲೇ ಅರ್ಧ ಜನ ಎಡವುತ್ತಾರೆ. ಬೂಟಿನೊಳಗೆ ಮೊದಲೇ ಇರುವ ಹಾಸನ್ನು ತೆಗೆಯಬೇಕು. ಅದರ ಮೇಲೆ ಇದನ್ನು ಹೇರಿದರೆ ಹಿಮ್ಮಡಿ ಮೇಲೆದ್ದು ಬೂಟಿನಿಂದ ಕಳಚಿಕೊಳ್ಳುತ್ತದೆ, ಬೆರಳು ಮೇಲುಹೊದಿಕೆಗೆ ಒತ್ತಿ ಜೋಮು ಹಿಡಿಯುತ್ತದೆ. ತೆಗೆದ ಹಾಸನ್ನೇ ಅಳತೆಗೆ ಇಟ್ಟುಕೊಂಡು, ಹಿಮ್ಮಡಿಗೆ ಹಿಮ್ಮಡಿ ಕೂಡಿಸಿ, ಬೆರಳ ತುದಿಯ ಕಡೆ ಮಾತ್ರ ಗೆರೆ ಎಳೆದು ಎರಡು ಮೂರು ಮಿಲಿಮೀಟರಿನಂತೆ ಕತ್ತರಿಸುತ್ತ ಹೋಗಬೇಕು. ಹಿಮ್ಮಡಿಯ ಕಡೆಗೆ ಕತ್ತರಿ ತಾಗಿಸಲೇಬಾರದು. ಅಲ್ಲಿ ಕತ್ತರಿಸಿದರೆ ದಿಬ್ಬವೇ ಜಾಗ ಬಿಟ್ಟು ಹಿಂದೆ ಸರಿಯುತ್ತದೆ. ಒಂದು ಕಾಲಿಗೆ ಮಾತ್ರ ನೋವಿದ್ದರೂ ಎರಡೂ ಬೂಟಿಗೆ ಹಾಕಬೇಕು. ಒಂದೇ ಹಿಮ್ಮಡಿಗೆ ಜೆಲ್ ಬಟ್ಟಲು ಇಟ್ಟುಕೊಂಡು ತಿಂಗಳುಗಟ್ಟಲೆ ನಡೆದರೆ ಕಾಲುಗಳ ಎತ್ತರ ಹೆಚ್ಚುಕಡಿಮೆಯಾಗಿ ಸೊಂಟ ತಕರಾರು ತೆಗೆಯುತ್ತದೆ.

ಮೊದಲ ದಿನ ಒಂದು ಗಂಟೆ ಸಾಕು. ದಿನಕ್ಕೊಂದು ಗಂಟೆ ಏರಿಸುತ್ತ ಹೋದರೆ ಎರಡು ವಾರದಲ್ಲಿ ಪಾದ ಒಗ್ಗಿಕೊಳ್ಳುತ್ತದೆ. ಅಷ್ಟರಲ್ಲಿ ಅಂಗಾಲಿನಲ್ಲಿ, ಮೀನಖಂಡದಲ್ಲಿ ಸಣ್ಣ ಬಿಗಿತ ಸಹಜ. ಸಹಜವಲ್ಲದ ಗುರುತುಗಳು ಬೇರೆ ಇವೆ. ಕಮಾನಿನಲ್ಲಿ ಬೊಬ್ಬೆ ಎದ್ದರೆ ದಿಬ್ಬ ಹೆಚ್ಚು ಎತ್ತರ ಅಥವಾ ಜಾಗ ತಪ್ಪಿದೆ. ಹೊರಬದಿಯ ಕಣಕಾಲು ನೋಯತೊಡಗಿದರೆ, ಪಾದ ಹೊರಗೆ ಉರುಳಿದಂತೆ ಅನಿಸಿದರೆ ಆಸರೆ ಅತಿಯಾಗಿದೆ. ಬೆರಳು ಮರಗಟ್ಟಿದರೆ ಬೂಟಿನೊಳಗೆ ಜಾಗ ಸಾಲುತ್ತಿಲ್ಲ. ಹೊಸದಾಗಿ ಮಂಡಿ ನೋವು ಬಂದರೆ ತೆಗೆದಿಟ್ಟು ಎರಡು ದಿನ ನೋಡಬೇಕು. ಕಾರ್ಖಾನೆಯ ಸೇಫ್ಟಿ ಶೂ ಹಾಕುವವರು ಇದನ್ನೆಲ್ಲ ಇನ್ನೂ ಗಮನವಿಟ್ಟು ನೋಡಬೇಕು. ಬೆರಳಿನ ಮೇಲಿರುವ ಉಕ್ಕಿನ ಟೋಪಿಯ ಕೆಳಗೆ ಜಾಗ ಮೊದಲೇ ಕಡಿಮೆ. ಅವರಿಗೆ ಬೆರಳ ಬುಡಕ್ಕೇ ಮುಗಿಯುವ ಮುಕ್ಕಾಲು ಉದ್ದದ ಇನ್‌ಸೋಲ್ ವಾಸಿ.

ಇನ್‌ಸೋಲ್ ಎಷ್ಟೇ ಚೆನ್ನಾಗಿದ್ದರೂ ಕೂರುವುದು ಬೂಟಿನ ಮೇಲೆ. ಪಾಯವೇ ವಾಲಿದ್ದರೆ ಮೇಲಿನ ಗೋಡೆ ನೆಟ್ಟಗಿರುವುದಿಲ್ಲ. ಬೂಟನ್ನು ಕೈಯಲ್ಲಿ ಹಿಡಿದು ಮೂರು ಕೆಲಸ ಮಾಡಿ. ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ: ಸುಲಭವಾಗಿ ತಿರುಚಿಕೊಂಡರೆ ಕೆಳಗಿಡಿ. ಮೂಗನ್ನೂ ಹಿಮ್ಮಡಿಯನ್ನೂ ಹಿಡಿದು ಮಡಿಸಿ: ಬೆರಳ ಬುಡದಲ್ಲಿ ಮಡಿಯಬೇಕು, ನಡುವೆ ಮಡಿದರೆ ಆಸರೆಯೇ ಇಲ್ಲ. ಹಿಮ್ಮಡಿಯ ಹಿಂಗೋಡೆಯನ್ನು ಹೆಬ್ಬೆರಳಿಂದ ಅದುಮಿ: ಅಪ್ಪಚ್ಚಿಯಾಗಬಾರದು. ಕಾಲೇಜು, ಆಫೀಸಿಗೆ ಹೋಗುವ ಹೆಣ್ಣುಮಕ್ಕಳು ಹಾಕುವ ತೆಳು ಬೆಲ್ಲಿ ಶೂಗಳು ಈ ಮೂರರಲ್ಲೂ ಸೋಲುತ್ತವೆ, ಒಳಗೆ ಇನ್‌ಸೋಲಿಗೆ ಜಾಗವೂ ಇರುವುದಿಲ್ಲ. ಒಳಹಾಸು ಕಳಚಿ ಬರುವಂಥ, ಲೇಸು ಅಥವಾ ಪಟ್ಟಿ ಇರುವ ಬೂಟನ್ನೇ ಆರಿಸಿ. ಬೂಟು ಕೊಳ್ಳಲು ಸಂಜೆ ಹೋಗಬೇಕು, ದಿನದ ಓಡಾಟಕ್ಕೆ ಪಾದ ಹಿಗ್ಗಿರುತ್ತದೆ. ಹಾಕಬೇಕೆಂದಿರುವ ಇನ್‌ಸೋಲು, ಕಾಲುಚೀಲ ಜೊತೆಗಿರಲಿ. ದೊಡ್ಡ ಪಾದಕ್ಕೆ ಅಳತೆ ನೋಡಿ, ಬೆರಳ ಮುಂದೆ ಒಂದು ಸೆಂಟಿಮೀಟರು ಬಿಡಿ.

ಅಗಲದ ವಿಷಯದಲ್ಲಿ ನಮ್ಮವರಿಗೆ ಒಂದು ಹಳೆಯ ಅನ್ಯಾಯವಾಗಿದೆ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷ್ ನಂಬರು, ಒಂದು ನಂಬರಿಗೂ ಇನ್ನೊಂದಕ್ಕೂ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರು ವ್ಯತ್ಯಾಸ. ಅದು ಹೇಳುವುದು ಉದ್ದವನ್ನು ಮಾತ್ರ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಕೊನೆಯಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಲಕ್ಷಕ್ಕೂ ಮಿಕ್ಕಿ ಜನರ ಪಾದಗಳನ್ನು ಸ್ಕ್ಯಾನ್ ಮಾಡಿತು. ಭಾರತೀಯರ ಪಾದ ಯುರೋಪು, ಅಮೆರಿಕದವರ ಪಾದಕ್ಕಿಂತ ಅಗಲ ಎಂಬುದು ಅಲ್ಲಿ ಕಂಡಿತು. ‘ಭಾ’ ಎಂಬ ನಮ್ಮದೇ ಅಳತೆಯ ಪ್ರಸ್ತಾಪ ಹುಟ್ಟಿದ್ದು ಅದರಿಂದ. ಅಗಲ ಸಾಲದೆ ಒಂದು ನಂಬರು ದೊಡ್ಡದು ಕೊಳ್ಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಹಾಗೆ ಕೊಂಡಾಗ ಬೂಟು ಮಡಿಯುವ ಜಾಗ ಪಾದ ಮಡಿಯುವ ಜಾಗಕ್ಕಿಂತ ಮುಂದೆ ಹೋಗುತ್ತದೆ, ಒಳಗಿನ ದಿಬ್ಬವೂ ಜೊತೆಗೇ ಮುಂದೆ ಹೋಗುತ್ತದೆ. ಅದೇ ಉದ್ದದಲ್ಲಿ ಅಗಲದ ಮಾದರಿ ಹುಡುಕುವುದು ತಡವಾದರೂ ಸರಿಯಾದ ದಾರಿ.

ಆದರೆ ನಮ್ಮಲ್ಲಿ ಬೂಟು ಹಾಕುವವರೆಷ್ಟು, ಚಪ್ಪಲಿ ಹಾಕುವವರೆಷ್ಟು? ಹವಾಯಿ ಚಪ್ಪಲಿಯನ್ನು ಬಚ್ಚಲಿನಿಂದ ಹಿಡಿದು ಊರ ಸಂತೆಯವರೆಗೆ ಹಾಕಿಕೊಂಡು ನಡೆಯುತ್ತೇವೆ. ಅದರ ಅಟ್ಟೆ ಚಪ್ಪಟೆ, ಹಿಂದೆ ಪಟ್ಟಿ ಇಲ್ಲ. ಅದು ಕಳಚಿ ಬೀಳದಂತೆ ಬೆರಳುಗಳು ಪ್ರತಿ ಹೆಜ್ಜೆಗೂ ಅಟ್ಟೆಯನ್ನು ಕಚ್ಚಿ ಹಿಡಿಯಬೇಕು. ವರ್ಷ ಬಳಸಿದ ಒಂದು ಹವಾಯಿಯನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಅಟ್ಟೆಯ ಮೇಲೆ ಐದು ಬೆರಳಿನ ಗುಳಿ, ಅದರಲ್ಲೂ ಎರಡನೆಯ, ಮೂರನೆಯ ಬೆರಳಿನದು ಉಗುರಿನ ಗೀರಿನ ಸಮೇತ ಆಳವಾಗಿ ಬಿದ್ದಿದ್ದರೆ ಅದು ಕಚ್ಚಿ ನಡೆದ ಗುರುತು. ಹಿಮ್ಮಡಿಯ ಕಡೆ ಕಾಗದದಷ್ಟು ತೆಳುವಾಗಿ ನೀಲಿಯೋ ಕಪ್ಪೋ ಪದರ ಇಣುಕುತ್ತಿರುತ್ತದೆ. ಹೊರ ಅಂಚು ತುಸು ಹೆಚ್ಚು ಸವೆದಿದ್ದರೆ ಗಾಬರಿ ಬೇಡ, ಹಿಮ್ಮಡಿ ಊರುವುದೇ ಹಾಗೆ. ಒಳ ಅಂಚು ಸವೆದು, ಮೇಜಿನ ಮೇಲಿಟ್ಟಾಗ ಚಪ್ಪಲಿ ಒಳಕ್ಕೆ ವಾಲಿದರೆ ಮಾತ್ರ ಯೋಚಿಸಬೇಕು.

ಅಥಣಿ, ನಿಪ್ಪಾಣಿ ಕಡೆಯ ಚರ್ಮದ ಚಪ್ಪಲಿಯ ಮೇಲೆ ನಮಗೆಲ್ಲ ಅಭಿಮಾನ. 2019ರಲ್ಲಿ ಕೊಲ್ಹಾಪುರಿ ಹೆಸರಿನ ಈ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಸೇರಿವೆ. ಗಿಡಮರದ ತೊಗಟೆ, ಕಾಯಿಯಿಂದ ಹದ ಮಾಡಿದ ಆ ಚರ್ಮ ತಿಂಗಳೊಪ್ಪತ್ತಿನಲ್ಲಿ ಪಾದದ ಅಚ್ಚಿಗೆ ತಗ್ಗುತ್ತದೆ. ಆರೋಗ್ಯದ ಪಾದಕ್ಕೆ, ಮಣ್ಣುದಾರಿಗೆ ಅದು ಸೊಗಸು. ಆದರೆ ಅದರಲ್ಲಿ ಕಮಾನಿನ ಆಸರೆ ಇಲ್ಲ, ಪೆಟ್ಟು ನುಂಗುವ ಪದರವೂ ಇಲ್ಲ. ಹಿಮ್ಮಡಿ ನೋವು ಇರುವಷ್ಟು ದಿನ ಮದುವೆ, ಹಬ್ಬಕ್ಕೆ ಸೀಮಿತವಾಗಿರಲಿ.

ಚಪ್ಪಲಿಯಲ್ಲೇ ಆಸರೆ ಬೇಕೆನ್ನುವವರಿಗೆ ಎರಡು ದಾರಿ. ಒಂದು, ಅಟ್ಟೆಯೇ ಪಾದದ ಆಕಾರಕ್ಕೆ ಅಚ್ಚಾಗಿರುವ ಸ್ಯಾಂಡಲ್ಲು. ಕಾರ್ಕಿನದೂ ಇದೆ, ಇವಿಎ ಒಂದೇ ಎರಕದ್ದೂ ಇದೆ. ಹಿಮ್ಮಡಿಗೆ ಗುಂಡಿ, ಒಳಬದಿಗೆ ದಿಬ್ಬ, ಹಿಂದೆ ಪಟ್ಟಿ, ಪಾದದ ಮೇಲೆ ಬಿಗಿ ಮಾಡುವ ಎರಡು ಬಾರು ಇದ್ದರೆ ಬೆರಳು ಕಚ್ಚಬೇಕಿಲ್ಲ. ಮಲೆನಾಡು, ಕರಾವಳಿಯ ಮಳೆಗೆ ಇವಿಎ ವಾಸಿ. ಕಾರ್ಕು ನೆನೆದು ಬಿರಿಯುತ್ತದೆ.

ಎರಡನೆಯದು ಇರುವ ಚಪ್ಪಲಿಗೇ ದಿಬ್ಬ ಹಚ್ಚಿಸುವುದು. ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುವವರು ಇದನ್ನು ಚೆನ್ನಾಗಿ ಮಾಡಿಕೊಡಬಲ್ಲರು, ಏನು ಬೇಕೆಂದು ನಾವು ಸರಿಯಾಗಿ ಹೇಳಬೇಕು ಅಷ್ಟೇ. ಆರರಿಂದ ಎಂಟು ಮಿಲಿಮೀಟರ್ ದಪ್ಪದ ನಡುಗಡಸು ಇವಿಎ ಅಥವಾ ರಬ್ಬರ್ ಶೀಟು ಬೇಕು, ಸ್ಪಂಜು ಬೇಡ. ಆಕಾರ ಅರ್ಧಚಂದ್ರ: ನೇರ ಅಂಚು ಚಪ್ಪಲಿಯ ಒಳ ಅಂಚಿಗೆ, ಬಾಗಿದ ಅಂಚು ಪಾದದ ನಡುವಿಗೆ. ಉದ್ದ, ಹಿಮ್ಮಡಿಯ ಮೆತ್ತೆ ಮುಗಿಯುವಲ್ಲಿಂದ ಹೆಬ್ಬೆರಳ ಬುಡದ ಗಂಟಿಗೆ ಒಂದೂವರೆ ಬೆರಳು ಹಿಂದಿನವರೆಗೆ. ನೇರ ಅಂಚು ಪೂರ್ತಿ ದಪ್ಪ ಉಳಿದು, ಬಾಗಿದ ಅಂಚನ್ನು ಉದ್ದಕ್ಕೂ ರಂಪಿಗೆಯಿಂದ ಸವರಿ ದೋಸೆಯ ಅಂಚಿನಷ್ಟು ತೆಳು ಮಾಡಬೇಕು. ಮೆಟ್ಟಿಲಿನ ಹಾಗೆ ಅಂಚು ಉಳಿದರೆ ಅಲ್ಲೇ ದಡ್ಡು ಕಟ್ಟುತ್ತದೆ. ಒಂದನ್ನು ಕತ್ತರಿಸಿ ಮಗುಚಿ ಇನ್ನೊಂದನ್ನು ಗುರುತು ಮಾಡಿಕೊಂಡರೆ ಎಡಬಲ ತಪ್ಪುವುದಿಲ್ಲ. ಹಚ್ಚುವ ಮೊದಲು ಎರಡು ಬದಿ ಅಂಟಿನ ಟೇಪಿನಲ್ಲಿ ಕೂರಿಸಿಕೊಂಡು ಎರಡು ಮೂರು ದಿನ ಮನೆಯ ಸುತ್ತ ನಡೆದು, ಹಿಂದೆ ಮುಂದೆ ಸರಿಸಿ ಜಾಗ ಗೊತ್ತು ಮಾಡಿಕೊಳ್ಳಿ, ಪೆನ್ನಿನಿಂದ ಗೆರೆ ಹಾಕಿ. ಆಮೇಲೆ ಎರಡೂ ಮೈ ಉಜ್ಜಿ ಒರಟು ಮಾಡಿ, ಎರಡಕ್ಕೂ ಸಲ್ಯೂಷನ್ ಹಚ್ಚಿ, ಮುಟ್ಟಿದರೆ ಬೆರಳಿಗೆ ಅಂಟದಷ್ಟು ಆರಿದ ಮೇಲೆ ಕೂರಿಸಿ ಬಡಿಯಬೇಕು. ಹಸಿ ಇರುವಾಗಲೇ ಅಂಟಿಸಿದ್ದು ಮೊದಲ ಮಳೆಗೆ ಬಿಡುತ್ತದೆ.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ಮಾತ್ರ ಈ ಪ್ರಯೋಗ ಯಾವುದನ್ನೂ ಮಾಡಬಾರದು. ನೋವು ಗೊತ್ತಾಗದ ಪಾದದಲ್ಲಿ ತಪ್ಪಾಗಿ ಕೂತ ದಿಬ್ಬ ಗಂಟೆಗಳಲ್ಲಿ ಹುಣ್ಣು ಮಾಡುತ್ತದೆ, ಅದು ಕಾಣುವುದು ಕಾಲುಚೀಲಕ್ಕೆ ಕಲೆ ಬಿದ್ದ ಮೇಲೆ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ ಸ್ಪರ್ಶ ಪರೀಕ್ಷಿಸುತ್ತಾರೆ. ವರ್ಷಕ್ಕೊಮ್ಮೆ ಅದನ್ನು ಮಾಡಿಸಿಕೊಳ್ಳಿ. ಸ್ಪರ್ಶ ಹೋದವರಿಗೆ ಬೇಕಾದ್ದು ಗಟ್ಟಿ ಆಸರೆಯಲ್ಲ, ಪಾದದ ತುಂಬ ಭಾರ ಹಂಚುವ ಎಂಸಿಆರ್ ಎಂಬ, ಸಣ್ಣ ಗಾಳಿಗುಳ್ಳೆ ತುಂಬಿದ ಮೆತ್ತನೆಯ ರಬ್ಬರಿನ ಹಾಸು, ಕೆಳಗೆ ಮೊಳೆ ತೂರದ ಗಡಸು ಅಟ್ಟೆ, ಹಿಂಪಟ್ಟಿ. ಹೆಬ್ಬೆರಳು ಸಿಕ್ಕಿಸುವ ಉಂಗುಷ್ಠ ಬೇಡವೇ ಬೇಡ. ಕುಷ್ಠರೋಗದಿಂದ ಸ್ಪರ್ಶ ಹೋದ ಪಾದಗಳನ್ನು ಉಳಿಸಲು ವೆಲ್ಲೂರು, ಕರಿಗಿರಿಯ ವೈದ್ಯರು ಬಳಕೆಗೆ ತಂದ ಈ ರಬ್ಬರು ಇಂದು ಸಕ್ಕರೆ ಕಾಯಿಲೆಯವರ ಪಾದಗಳನ್ನೂ ಕಾಯುತ್ತಿದೆ. ಚಪ್ಪಲಿ ಮೆಟ್ಟುವ ಮೊದಲು ಒಳಗೆ ಕೈಯಾಡಿಸಿ ನೋಡುವುದು, ರಾತ್ರಿ ಅಂಗಾಲು ನೋಡಿಕೊಳ್ಳುವುದು ದಿನಚರಿಯಾಗಬೇಕು.

ಮಕ್ಕಳ ವಿಷಯದಲ್ಲಿ ಅವಸರ ಬೇಡ. ಮೂರು ವರ್ಷದ ಮಗುವಿನ ಪಾದ ಚಪ್ಪಟೆಯಾಗಿ ಕಾಣುವುದೇ ಸಹಜ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ಪ್ರಕಟಿಸಿದ ಅಧ್ಯಯನ ಲೋಕದ ಮೂಳೆ ತಜ್ಞರೆಲ್ಲ ಓದುವಂಥದ್ದು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6ರಷ್ಟು ಚಪ್ಪಟೆ ಪಾದ, ಬರಿಗಾಲ ಮಕ್ಕಳಲ್ಲಿ 2.8. ಪಾದರಕ್ಷೆ ಹಾಕುವವರಲ್ಲೂ ಮುಚ್ಚಿದ ಬೂಟಿನವರಲ್ಲಿ ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ. ಆರು ವರ್ಷದೊಳಗೆ ಪಾದ ಬಿಡುವಾಗಿ ಆಡಿದಷ್ಟೂ ಕಮಾನಿಗೆ ಒಳ್ಳೆಯದು ಎಂಬ ಮಾತಿಗೆ ನಮ್ಮ ಕರಾವಳಿಯೇ ಸಾಕ್ಷಿ ಕೊಟ್ಟಿತು. ಹಾಗಾಗಿ ನೋವಿಲ್ಲದೆ ಓಡುವ ಮಗುವಿಗೆ ಇನ್‌ಸೋಲ್ ಕೊಳ್ಳುವುದಕ್ಕಿಂತ ಮರಳು, ಹುಲ್ಲು, ಮಣ್ಣಿನಲ್ಲಿ ಬರಿಗಾಲಲ್ಲಿ ಬಿಡಿ. ಒಂದೇ ಪಾದ ಚಪ್ಪಟೆ ಇದ್ದರೆ, ಬಿಗಿಯಾಗಿದ್ದರೆ, ಮಗು ಕುಂಟಿದರೆ ವೈದ್ಯರಿಗೆ ತೋರಿಸಿ.

ಬರಿಗಾಲು ಮಗುವಿಗೆ ಒಳ್ಳೆಯದಾದರೆ ಅಡುಗೆಮನೆಯಲ್ಲಿ ಅಮ್ಮನಿಗೆ ಏಕೆ ಕೆಟ್ಟದ್ದು ಎಂದು ಕೇಳಬಹುದು. ಮಗು ಓಡುತ್ತದೆ, ಕೂರುತ್ತದೆ, ಹತ್ತುತ್ತದೆ. ಅಮ್ಮ ಒಂದೇ ಕಲ್ಲಿನ ಮೇಲೆ ಗಂಟೆಗಟ್ಟಲೆ ನಿಂತಿರುತ್ತಾರೆ. ಪಾದದ ಸ್ನಾಯುಗಳು ಚಲಿಸಲೆಂದು ಇರುವವು, ಕಂಬದಂತೆ ನಿಂತರೆ ಬೇಗ ದಣಿದು ಭಾರವನ್ನು ಅಂಗಾಲಿನ ಆ ದಪ್ಪ ಪಟ್ಟಿಗೆ ಒಪ್ಪಿಸುತ್ತವೆ. ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು, ನರ್ಸ್‌ಗಳು, ಮೇಷ್ಟ್ರುಗಳು ಎಲ್ಲರದೂ ಇದೇ ಪಾಡು. ಅಂಗಡಿ ಕೆಲಸಗಾರರಿಗೆ ಕೂರುವ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಿದವು. ಯಾವ ಇನ್‌ಸೋಲಿಗಿಂತಲೂ ಒಂದು ಸ್ಟೂಲು ದೊಡ್ಡ ಉಪಕಾರ. ತರಕಾರಿ ಹೆಚ್ಚುವುದು, ಬೆಳ್ಳುಳ್ಳಿ ಸುಲಿಯುವುದು, ಚಪಾತಿ ಹಿಟ್ಟು ಕಲಸುವುದು ಕೂತು ಆಗುವ ಕೆಲಸಗಳು. ಉಳಿದ ಹೊತ್ತಿಗೆ ಮನೆಯೊಳಗಿನದೇ ಒಂದು ಜೊತೆ ಬೇಕು, ಹೊರಗೆ ಒಮ್ಮೆಯೂ ಮೆಟ್ಟದ, ಅಚ್ಚಿನ ಅಟ್ಟೆಯ ಇವಿಎ ಚಪ್ಪಲಿ. ಹಿರಿಯರು ಅಡುಗೆಮನೆಗೆ ಚಪ್ಪಲಿ ಎಂದರೆ ಒಪ್ಪುವುದಿಲ್ಲ, ಅವರ ಮಡಿಗೂ ಅರ್ಥವಿದೆ. ಅಂಥ ಮನೆಯಲ್ಲಿ ಒಲೆಯ ಮುಂದೆ, ಪಾತ್ರೆ ತೊಳೆಯುವ ಸಿಂಕಿನ ಮುಂದೆ ಒಂದೂವರೆ ಎರಡು ಸೆಂಟಿಮೀಟರ್ ದಪ್ಪದ ಗಟ್ಟಿ ರಬ್ಬರ್ ಮ್ಯಾಟು ಹಾಸಬಹುದು. ಕಮಾನಿಗೆ ಆಸರೆ ಸಿಗದಿದ್ದರೂ ಕಲ್ಲಿನ ಪೆಟ್ಟು ತಗ್ಗುತ್ತದೆ. ಅಂಚು ಇಳಿಜಾರಾಗಿರಲಿ, ಬಿಸಿ ಪಾತ್ರೆ ಹಿಡಿದು ಬರುವಾಗ ಎಡವಬಾರದು.

ಆಸರೆಯ ಜೊತೆ ಪಾದಕ್ಕೆ ಬಲವೂ ಬರಬೇಕು. ಹಾಸಿಗೆಯ ಅಂಚಿನಲ್ಲಿ ಕೂತು ನೋಯುವ ಪಾದವನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೊಣಕಾಲ ಕಡೆಗೆ ಎಳೆದು ಹತ್ತು ಎಣಿಸಿ ಬಿಡಿ, ಹೀಗೆ ಹತ್ತು ಸಲ. ನೆಲಕ್ಕೆ ಕಾಲಿಡುವ ಮೊದಲೇ ಮಾಡಿದರೆ ಆ ಮೊದಲ ಹೆಜ್ಜೆಯ ಮುಳ್ಳು ಮೊಂಡಾಗುತ್ತದೆ. ದಿನ ಬಿಟ್ಟು ದಿನ, ಮೆಟ್ಟಿಲಿನ ಮೇಲೆ ಸುತ್ತಿದ ಟವೆಲನ್ನು ಬೆರಳ ಕೆಳಗಿಟ್ಟು ಒಂದೇ ಕಾಲಲ್ಲಿ ನಿಂತು ಹಿಮ್ಮಡಿ ಎತ್ತುವುದು: ಮೂರು ಎಣಿಸುವಷ್ಟರಲ್ಲಿ ಮೇಲೆ, ಎರಡು ಎಣಿಕೆ ತಡೆದು, ಮೂರು ಎಣಿಕೆಗೆ ಕೆಳಗೆ, ಹನ್ನೆರಡು ಸಲ. ಟವೆಲ್ ಇರುವುದು ಹೆಬ್ಬೆರಳನ್ನು ಬಾಗಿಸಿ ಆ ರಾಟೆಯನ್ನು ಬಿಗಿಗೊಳಿಸಲು. ವಾರದಲ್ಲಿ ಫಲ ಕಾಣುವುದಿಲ್ಲ, ಮೂರು ತಿಂಗಳು ಬೇಕು. ರಾತ್ರಿ ಮಲಗಿದಾಗಲೂ ನೋಯುವುದು, ಅಂಗಾಲು ಉರಿ, ಬಿದ್ದ ಮೇಲೆ ಶುರುವಾದ ನೋವು, ಎರಡೂ ಹಿಮ್ಮಡಿ ನೋವಿನ ಜೊತೆ ಬೆಳಗಿನ ಹೊತ್ತು ಬೆನ್ನು ಬಿಗಿತ, ಇವುಗಳಿಗೆ ಈ ಮನೆಮದ್ದು ಸಾಲದು, ವೈದ್ಯರೇ ಆಗಬೇಕು.

ಇನ್‌ಸೋಲಿಗೂ ಆಯುಷ್ಯವಿದೆ. ತಿಂಗಳಿಗೊಮ್ಮೆ ತೆಗೆದು ಮತ್ತೆ ಹೆಬ್ಬೆರಳಿಂದ ಒತ್ತಿ ನೋಡಿ. ಕೊಂಡ ದಿನದ ಪುಟಿತ ಇಲ್ಲದಿದ್ದರೆ, ದಿಬ್ಬದಡಿಯಲ್ಲಿ ಬಿಳಿ ಸುಕ್ಕುಗೆರೆ ಎದ್ದಿದ್ದರೆ ಮುಗಿಯಿತು. ಒದ್ದೆಯಾದದ್ದನ್ನು ಬಿಸಿಲಿಗೋ ಒಲೆಯ ಪಕ್ಕಕ್ಕೋ ಇಡಬೇಡಿ, ಇವಿಎ ಮುದುರುತ್ತದೆ, ಅಂಟು ಬಿಡುತ್ತದೆ. ಬೂಟಿನಿಂದ ತೆಗೆದು ಫ್ಯಾನಿನ ಕೆಳಗೆ ನಿಲ್ಲಿಸಿದರೆ ರಾತ್ರಿ ಬೆಳಗಾಗುವುದರೊಳಗೆ ಒಣಗುತ್ತದೆ. ಮನೆಯೊಳಗಿನ ಆ ಒಂದು ಜೊತೆಯನ್ನು ಮಾತ್ರ ಸ್ಟ್ಯಾಂಡಿನಲ್ಲಿ ಇಡಬೇಡಿ. ಮಂಚದ ಪಕ್ಕ, ಕಾಲು ಇಳಿಸುವ ಕಡೆಗೆ, ಕತ್ತಲಲ್ಲೂ ಪಾದಕ್ಕೆ ಸಿಗುವಂತೆ ಇಡಿ.